ಇನ್ನೆರಡು ಗುಂಡಿ

ನನ್ನ ಓರಗಿತ್ತಿಯಷ್ಟು ನಿಧಾನದ ಹೆಂಗಸನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಅವಳು ಈ ಮನೆಗೆ ಕಿರಿಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಅವಳಿಗೆ ‘ನಿಧಾನಿ’ ಎಂದು ಹೆಸರಿಟ್ಟರು. ಎರಡು ಲೋಟ ತೊಳೆಯಲು ಹೋದವಳು ವಾಪಸ್ ಬರುವಷ್ಟರಲ್ಲಿ ನಾನು ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಿರುತ್ತಿದ್ದೆ. ಬೈದರೆ ಸಿಟ್ಟೂ ಬಾರದು. “ಹೂಂ ಅಕ್ಕ” ಎನ್ನುತ್ತಾಳೆ, ಅದನ್ನೂ ನಿಧಾನವಾಗಿ. ಇಂಥವಳ ಬಗ್ಗೆ ನಾನು ಒಂದು ದಿನ ಕೂತು ಬರೆಯುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಮುಖದೆದುರೇ ನಕ್ಕುಬಿಡುತ್ತಿದ್ದೆ.

ಅವಳಿಗೆ ಕೆಲಸ ಕೊಡಿಸಿದವಳು ನಾನೇ. ಮೈದುನನ ಬಲಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಹೋದ ವರ್ಷ ಅವಳು ಹೊರಗೆ ದುಡಿಯಲೇಬೇಕಾಯಿತು. ಗೊತ್ತಿದ್ದದ್ದು ಹೊಲಿಗೆ ಒಂದೇ. ಎರಡು ದರ್ಜಿ ಅಂಗಡಿಯವರು ಹದಿನೈದು ದಿನ ನೋಡಿ, ಕೈಮುಗಿದು ಮನೆಗೆ ಕಳಿಸಿದರು. ನಾನು ಶಾಲೆಯಲ್ಲಿ ಗುಮಾಸ್ತೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇದೆ. ಶಾಲೆಯಲ್ಲಿ ಒಂದು ಕೆಲಸ ಇತ್ತು, ಅವಳ ಯೋಗ್ಯತೆಗೆ ಅದು ಸಾಕು ಎಂದುಕೊಂಡೆ.

ನಮ್ಮ ಶಾಲೆ ದಿಣ್ಣೆಯ ಮೇಲಿದೆ. ವರ್ಷದಲ್ಲಿ ಎಂಟು ತಿಂಗಳು ಅಲ್ಲಿ ಬೀಸುವ ಗಾಳಿಗೆ ಕಿವಿ ಉದುರಿಬೀಳುತ್ತದೇನೋ ಅನಿಸುತ್ತದೆ. ಅದಕ್ಕೇ ಮಕ್ಕಳೆಲ್ಲ ಸಮವಸ್ತ್ರದ ಮೇಲೆ ದಪ್ಪನೆಯ ನೀಲಿ ಕೋಟು ಹಾಕಬೇಕಿತ್ತು. ಕೋಟಿಗೆ ಐದು ಗುಂಡಿ. ಐದರಲ್ಲಿ ಒಂದು ಇಲ್ಲದಿದ್ದರೂ ತರಗತಿಯೊಳಗೆ ಕಾಲಿಡುವ ಹಾಗಿಲ್ಲ ಎಂಬುದು ನಮ್ಮ ಹೆಡ್‌ಮಿಸ್ ಮಾಡಿದ ಕಾನೂನು. ಪಾಠ ಬಾರದಿದ್ದರೆ ನಡೆಯುತ್ತದೆ, ಗುಂಡಿ ಇಲ್ಲದಿದ್ದರೆ ನಡೆಯದು. ಗುಂಡಿ ಇಲ್ಲದ ಮಕ್ಕಳನ್ನು ಮನೆಗೆ ಅಟ್ಟುತ್ತಿದ್ದರು, ಅಟ್ಟಿಸಿಕೊಂಡವರಲ್ಲಿ ಅರ್ಧ ಜನ ಆ ದಿನ ವಾಪಸ್ ಬರುತ್ತಿರಲಿಲ್ಲ, ಕೆಲವರು ಯಾವತ್ತೂ ಬರಲಿಲ್ಲ. ನನ್ನ ಪುಸ್ತಕದ ತುಂಬ ಕೆಂಪು ಗೆರೆ. ಕೊನೆಗೆ ಶಾಲೆಯಲ್ಲೇ ಒಬ್ಬ ಹೊಲಿಗೆಯವಳು ಇರಲಿ ಎಂದು ತೀರ್ಮಾನವಾಗಿ, ಮೆಟ್ಟಿಲ ಕೆಳಗೆ ಹಳೆಯ ಭೂಪಟ ತುಂಬಿದ್ದ ಕೋಣೆಯನ್ನು ಖಾಲಿ ಮಾಡಿ ನಿಧಾನಿಯನ್ನು ಕೂರಿಸಿದರು. ಆ ಕೋಣೆಗೂ ನನ್ನ ಆಫೀಸಿಗೂ ನಡುವೆ ಬರೀ ಹಲಗೆಯ ಗೋಡೆ. ಅತ್ತ ಸೂಜಿ ಬಿದ್ದರೂ ಇತ್ತ ಕೇಳಿಸುತ್ತದೆ.

ಅವಳು ಗುಂಡಿ ಹೊಲಿಯುವ ಚಂದವನ್ನು ನೋಡಿದರೆ ಎಂಥವರಿಗೂ ತಲೆ ಚಿಟ್ಟು ಹಿಡಿಯಬೇಕು. ಮಗು ಕೋಟು ಬಿಚ್ಚಿ ಕೊಡುತ್ತದೆ. ಚಳಿಯಾಗದಿರಲಿ ಎಂದು ಅವಳು ಒಂದು ಕಂದು ಬಣ್ಣದ ಹಳೆಯ ಶಾಲು ಹೊದಿಸಿ ಮಣೆಯ ಮೇಲೆ ಕೂರಿಸುತ್ತಾಳೆ. ಆಮೇಲೆ ತಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾಳೆ, ಮಗುವಿಗೆ ಕಾಣುವುದು ಅವಳ ಕೆನ್ನೆ, ಕಿವಿ, ಅಷ್ಟೇ. ಹಳೆಯ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತು ಮೊಣಕಾಲ ಮೇಲೆ ಸಾಲಾಗಿ ಇಡುತ್ತಾಳೆ. ಡಬ್ಬಿಯಲ್ಲಿ ಅದೇ ಬಣ್ಣದ ಗುಂಡಿ ಹುಡುಕುತ್ತಾಳೆ. ಸೂಜಿಗೆ ದಾರ ಪೋಣಿಸುವುದೇ ಮೂರನೆಯ ಸಲಕ್ಕೆ. ಒಂದು ಗುಂಡಿಗೆ ನಲವತ್ತು ನಿಮಿಷ.

ಕೋಟಿಲ್ಲದೆ ತರಗತಿಗೆ ಹೋಗುವಂತಿಲ್ಲ, ಹೊರಗೆ ಹೋದರೆ ಗಾಳಿ. ಹಾಗಾಗಿ ಮಗು ಕೂತೇ ಇರಬೇಕು. ಮೊದಲ ಹತ್ತು ನಿಮಿಷ ಕಾಲಾಡಿಸುತ್ತದೆ. ಇನ್ನು ಹತ್ತು ನಿಮಿಷ ದಾರದ ಉಂಡೆಗಳನ್ನು ಎಣಿಸುತ್ತದೆ. ಇವಳು ಏನೂ ಕೇಳುವುದಿಲ್ಲ, ಆ ಕಡೆ ತಿರುಗುವುದೂ ಇಲ್ಲ. ಆಮೇಲೆ ಗೋಡೆಯಾಚೆಯಿಂದ ನನಗೆ ಸಣ್ಣ ಧ್ವನಿ ಕೇಳಿಸುತ್ತದೆ.

“ಆಂಟಿ, ನಮ್ಮಪ್ಪಂಗೆ ಕೆಲಸ ಹೋಗಿದೆ. ಮನೇಲಿ ಹೇಳಿಲ್ಲ. ದಿನಾ ಟಿಫಿನ್ ತಗೊಂಡು ಹೋಗಿ ಪಾರ್ಕಲ್ಲಿ ಕೂತಿರ್ತಾರೆ. ನಾನು ನೋಡ್ದೆ.”

“ಹೂಂ.”

“ಅಮ್ಮಂಗೆ ಹೇಳ್ಲಾ ಬೇಡ್ವಾ ಗೊತ್ತಾಗ್ತಿಲ್ಲ.”

“ಹೂಂ. ಆಮೇಲೆ?”

ಇಷ್ಟೇ ಅವಳ ಪಾಂಡಿತ್ಯ. ಹೂಂ ಮತ್ತು ಆಮೇಲೆ. ಇಂಥ ದಡ್ಡಿಯ ಹತ್ತಿರ ಮಕ್ಕಳು ಏನು ಕಂಡು ಬಾಯಿ ಬಿಡುತ್ತವೋ ಎಂದು ನಾನು ಗೋಡೆಯ ಈಚೆ ತಲೆ ಚಚ್ಚಿಕೊಳ್ಳುತ್ತಿದ್ದೆ. ಕೇಳಿಸಿಕೊಂಡದ್ದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಸುಮ್ಮನೆಯೂ ಇರುತ್ತಿರಲಿಲ್ಲ. ಭಾನುವಾರ ಯಾರದೋ ಮನೆಗೆ ಹೋಗಿ ಅವರ ತಾಯಿಯ ಜೊತೆ ಒಂದು ಗಂಟೆ ಕೂತು ಬರುವಳು. ಲೆಕ್ಕದ ಮೇಷ್ಟ್ರನ್ನು ಕಾರಿಡಾರಿನಲ್ಲಿ ತಡೆದು ಏನೋ ಹೇಳುವಳು. ಒಬ್ಬ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಇಡೀ ಮಧ್ಯಾಹ್ನ ಸಾಲಿನಲ್ಲಿ ನಿಂತಳು. ಏಳು ವರ್ಷ ಹೀಗೇ ಕಳೆಯಿತು. ಮೊದಲು ಎಂಟನೆಯ ತರಗತಿ ದಾಟುವಷ್ಟರಲ್ಲಿ ವರ್ಷಕ್ಕೆ ಮೂವತ್ತು ಮಕ್ಕಳು ಶಾಲೆ ಬಿಡುತ್ತಿದ್ದರು. ಈಗ ನಾಲ್ಕೋ ಐದೋ. ಕೆಂಪು ಗೆರೆ ಎಳೆಯುವ ಕೆಲಸ ಕಡಿಮೆಯಾಯಿತು ಎಂದು ನಾನು ಖುಷಿಪಟ್ಟೆನೇ ಹೊರತು, ಯಾಕೆ ಕಡಿಮೆಯಾಯಿತು ಎಂದು ಯೋಚಿಸಲಿಲ್ಲ. ನನ್ನ ಬುದ್ಧಿ ಅಷ್ಟು ಚುರುಕು.

ಎರಡನೆಯ ಮಹಡಿಯಲ್ಲಿ ಮಕ್ಕಳ ಕಷ್ಟಸುಖ ಕೇಳುವುದಕ್ಕೆಂದೇ ಇನ್ನೊಂದು ಕೋಣೆ ಇತ್ತು, ಅದನ್ನು ಮರೆಯಬಾರದು. ಹಳದಿ ಬಣ್ಣ, ಎರಡು ಸೋಫಾ, ನಗುವ ಮುಖದ ದಿಂಬು. ಮಂಗಳವಾರಕ್ಕೊಮ್ಮೆ ಸಲಹೆಗಾರ್ತಿಯೊಬ್ಬರು ಬಂದು ದಿಂಬಿನ ಪಕ್ಕ ಕೂತು ಹೋಗುತ್ತಿದ್ದರು. ಆ ಮೆಟ್ಟಿಲು ಹತ್ತಿದವರನ್ನು ಇಡೀ ಶಾಲೆ ನೋಡುತ್ತದೆ, ಸಂಜೆಯೊಳಗೆ ಹುಚ್ಚಿ ಎಂದೋ ಹುಚ್ಚ ಎಂದೋ ಹೆಸರು ಬೀಳುತ್ತದೆ. ಒಂದು ವರ್ಷದಲ್ಲಿ ಮೂರು ಮಕ್ಕಳು ಹೋದರು. ಅವರಲ್ಲಿ ಒಬ್ಬ ಶೌಚಾಲಯ ಹುಡುಕಿಕೊಂಡು ಹೋದವನು.

ಶಾಲೆ ಬಿಡುವ ಮಕ್ಕಳ ಸಂಖ್ಯೆ ಹೀಗೆ ಇಳಿದದ್ದು ಯಾವುದೋ ದೊಡ್ಡ ಆಫೀಸಿನ ಯಾವುದೋ ಮೇಜಿನ ಮೇಲೆ ಯಾರದೋ ಕಣ್ಣಿಗೆ ಬಿತ್ತು. ಒಂದು ದಿನ ಮಕ್ಕಳ ಕ್ಷೇಮಾಭಿವೃದ್ಧಿ ಸಂಸ್ಥೆಯೊಂದರ ನಿರ್ದೇಶಕರು ಎರಡು ಕಾರಿನಲ್ಲಿ ಬಂದಿಳಿದರು. ಒಂದರಲ್ಲಿ ಅವರು, ಇನ್ನೊಂದರಲ್ಲಿ ಅವರ ಬ್ಯಾನರು. ಮಾತಿಗೊಮ್ಮೆ “ವಿಸ್ತರಣೆ” ಎನ್ನುತ್ತಿದ್ದರು. ನಾನು ಅವರಿಗೆ ವಿಸ್ತರಣೆ ಸಾಹೇಬರೆಂದೇ ಹೆಸರಿಟ್ಟೆ.

“ಒಂದು ಶಾಲೇಲಿ ಆಗಿದ್ದು ನಲವತ್ತು ಶಾಲೇಲಿ ಯಾಕಾಗಬಾರದು ಮೇಡಂ?” ಎಂದು ಹೆಡ್‌ಮಿಸ್‌ಗೆ ಹೇಳಿದರು. “ವಿಸ್ತರಣೆ ಆಗ್ಬೇಕು. ಶಾಶ್ವತವಾಗಿ ಉಳೀಬೇಕು.”

ಒಳ್ಳೆಯ ಮಾತೇ. ಅದನ್ನು ಅವರು ಮಾಡಿದ ರೀತಿ ಹೇಳುತ್ತೇನೆ ಕೇಳಿ. ಮೊದಲು ಒಬ್ಬ ಹುಡುಗಿಯ ಕೈಗೆ ಸೆಕೆಂಡಿನ ಗಡಿಯಾರ ಕೊಟ್ಟು ಮೂರು ದಿನ ನಿಧಾನಿಯ ಕೋಣೆಯಲ್ಲಿ ಕೂರಿಸಿದರು. ಆ ಮೂರು ದಿನ ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಹಾಗಾಗಿ ಗಡಿಯಾರದ ಹುಡುಗಿ ಕಂಡದ್ದು ಗುಂಡಿಯನ್ನು ಮಾತ್ರ. ಒಂದು ಗುಂಡಿಗೆ ಸರಾಸರಿ ಮೂವತ್ತೆಂಟು ನಿಮಿಷ, ಕೈ ಪಳಗಿದವರಿಗೆ ನಾಲ್ಕು ನಿಮಿಷ ಸಾಕು, ಉಳಿದ ಮೂವತ್ತನಾಲ್ಕು ನಿಮಿಷ ವ್ಯರ್ಥ ಎಂದು ಬರೆದುಕೊಂಡು ಹೋದಳು. ಅದರ ಮೇಲೆ ತೊಂಬತ್ತು ಪುಟದ ಕೈಪಿಡಿ ಬಂತು. ಮೂರನೆಯ ಅಧ್ಯಾಯ, ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಕೇಳಬೇಕಾದ ಐದು ಪ್ರಶ್ನೆಗಳು. ಅದರ ಹಿಂದೆಯೇ ಯಂತ್ರ ಬಂತು. ಗುಂಡಿ ಇಟ್ಟು ಹಿಡಿ ಒತ್ತಿದರೆ ಟಕ್ ಎನ್ನುತ್ತದೆ, ಆರು ಸೆಕೆಂಡಿಗೆ ಕೆಲಸ ಮುಗಿಯಿತು. ಬೇರೆ ನಲವತ್ತು ಶಾಲೆಗೆ ನಲವತ್ತು ಯಂತ್ರ, ಮೂಲ ಶಾಲೆಯೆಂದು ನಮ್ಮಲ್ಲಿ ಮಾತ್ರ ನಿಧಾನಿಯ ಸೂಜಿಯೇ ಉಳಿಯಿತು. ಮಕ್ಕಳು ಸಾಲಾಗಿ ಬಂದು, ಟಕ್ ಅನ್ನಿಸಿಕೊಂಡು, ಐದು ಪ್ರಶ್ನೆಗೆ ಐದು ಸಲ “ಚೆನ್ನಾಗಿದೀನಿ ಮಿಸ್” ಎಂದು ಹೇಳಿ ತರಗತಿಗೆ ಓಡುತ್ತಿದ್ದರು. ಮೊದಲ ತಿಂಗಳಲ್ಲೇ ಒಂಬತ್ತು ಸಾವಿರ ಮಕ್ಕಳನ್ನು ತಲುಪಿದೆವು ಎಂದು ಸಾಹೇಬರು ಬ್ಯಾನರು ಕಟ್ಟಿಸಿದರು. ತಲುಪಿದ್ದು ಗುಂಡಿ. ಮಕ್ಕಳು ಎಲ್ಲಿದ್ದರೋ ಅಲ್ಲೇ ಇದ್ದರು.

ನಿಧಾನಿಗೆ ‘ಮುಖ್ಯ ತರಬೇತುದಾರ್ತಿ’ ಎಂಬ ಪದವಿ ಸಿಕ್ಕಿತು. ವಾರಕ್ಕೆರಡು ದಿನ ಬೇರೆ ಬೇರೆ ಶಾಲೆಗೆ ಹೋಗಿ ಹೊಸಬರಿಗೆ ಹೇಳಿಕೊಡಬೇಕು. ಮೊದಲ ಸಭೆಗೆ ನಾನೂ ಹೋಗಿದ್ದೆ, ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆಯಲ್ಲಿ. ನಮ್ಮನೆಯವಳು ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡೆ. ನಿಧಾನಿ ಮೈಕಿನ ಮುಂದೆ ಎದ್ದು ನಿಂತಳು.

“ನಿಧಾನವಾಗಿ ಹೊಲೀರಿ. ಆ ಕಡೆ ನೋಡ್ಬೇಡಿ,” ಎಂದಳು. ಕೂತುಬಿಟ್ಟಳು.

ಮಾನ ಹೋದ ಹಾಗಾಯಿತು ನನಗೆ. ಸಾಹೇಬರು ಎದ್ದು ಅದನ್ನೇ ಒಂದೂವರೆ ಗಂಟೆ ವಿವರಿಸಿದರು. ಅವರ ವಿವರಣೆಯಲ್ಲಿ ನಿಧಾನವೂ ಇರಲಿಲ್ಲ, ಆ ಕಡೆ ನೋಡದಿರುವುದೂ ಇರಲಿಲ್ಲ. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ.

ಅದೇ ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಿಧಾನಿಯ ಕೋಣೆಗೆ ಬರಲು ಶುರುಮಾಡಿದಳು. ಹದಿನಾಲ್ಕು ವರ್ಷ, ಕಡ್ಡಿಯ ಹಾಗಿದ್ದಳು. ಪ್ರತಿ ಗುರುವಾರ ಬರುವಳು, ಪ್ರತಿ ಸಲವೂ ಕೋಟಿನ ಮೇಲಿಂದ ಎರಡನೆಯ ಗುಂಡಿಯೇ ಕಿತ್ತಿರುತ್ತಿತ್ತು. ಐದು ಗುರುವಾರ ಅವಳು ಒಂದು ಮಾತೂ ಆಡಲಿಲ್ಲ. ಆರನೆಯ ಗುರುವಾರ, ಅಮ್ಮ ದೂರದ ಊರಲ್ಲಿ ಮನೆಗೆಲಸಕ್ಕಿದ್ದಾಳೆ, ತಾನು ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದಳು. ಏಳನೆಯ ಗುರುವಾರ, “ಆಂಟಿ, ಒಬ್ರು ನನಗೆ ಕೆಲಸ ಕೊಡಿಸ್ತೀನಿ ಅಂದಿದಾರೆ,” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಕೋಟು ಹಾಕಿಕೊಂಡು ಹೋದಳು.

ಆ ಸಂಜೆ ಮನೆಯಲ್ಲಿ ಬಟ್ಟೆ ಮಡಚುತ್ತಾ ನಿಧಾನಿ ತಾನಾಗಿಯೇ ಮಾತೆತ್ತಿದಳು. ಅದೇ ಒಂದು ಆಶ್ಚರ್ಯ.

“ಅಕ್ಕ, ಆ ಮಗು ಎಲ್ಲಿಗೋ ಹೊರಟಿದೆ. ಯಾರ ಜೊತೆ, ಯಾವಾಗ, ಗೊತ್ತಿಲ್ಲ. ಮಾತು ಬಾಯಿ ತನಕ ಬಂದಿದೆ. ಇನ್ನೆರಡು ಗುಂಡಿ ಬೇಕು.”

“ನೇರವಾಗಿ ಕೇಳಿಬಿಡೇ. ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?”

“ಕೇಳಿದ್ರೆ ಇಲ್ಲ ಅಂತಾಳೆ. ಒಂದ್ಸಲ ಇಲ್ಲ ಅಂದ್ಮೇಲೆ ಹೌದು ಅನ್ನೋದು ಕಷ್ಟ ಅಕ್ಕ.”

ನನಗೆ ಇವಳಿಗಿಂತ ಹೆಚ್ಚು ಗೊತ್ತಲ್ಲ. ಮುಂದಿನ ಮಂಗಳವಾರ ಹುಡುಗಿಯ ಹೆಸರು ಬರೆದು ಹಳದಿ ಕೋಣೆಗೆ ಕಳಿಸಿದೆ. ಸಲಹೆಗಾರ್ತಿ ಕಣ್ಣಲ್ಲಿ ಕಣ್ಣಿಟ್ಟು ಕೈಪಿಡಿಯ ಐದು ಪ್ರಶ್ನೆ ಕೇಳಿದರು. ಹುಡುಗಿ ಐದಕ್ಕೂ ‘ಏನಿಲ್ಲ’ ಎಂದಳು. ‘ಅಪಾಯವಿಲ್ಲ’ ಎಂದು ಸಹಿ ಹಾಕಿದ ಕಾಗದ ನನ್ನ ಮೇಜಿಗೆ ಬಂತು. ಆ ಗುರುವಾರ ಹುಡುಗಿ ನಿಧಾನಿಯ ಹತ್ತಿರವೂ ಬರಲಿಲ್ಲ. ಕಾಗದ ಫೈಲಿಗೆ ಸೇರಿಸಿ ನಾನು ಕೈ ತೊಳೆದುಕೊಂಡೆ.

ಇಷ್ಟಕ್ಕೇ ನಿಂತಿದ್ದರೂ ಸಾಕಿತ್ತು. ನನ್ನ ನಾಲಿಗೆ ಇನ್ನೂ ದೊಡ್ಡ ಘನಕಾರ್ಯವೊಂದನ್ನು ಬಾಕಿ ಇಟ್ಟುಕೊಂಡಿತ್ತು.

ಆ ತಿಂಗಳ ಪರಿಶೀಲನಾ ಸಭೆ. ವಿಸ್ತರಣೆ ಸಾಹೇಬರು ಚಿಂತೆಯಲ್ಲಿದ್ದರು. ನಲವತ್ತು ಶಾಲೆಗಳಲ್ಲಿ ಗುಂಡಿ ಕೀಳುವುದು ಕಡಿಮೆಯಾಗಿದೆ, ಮೂಲ ಶಾಲೆಯಾದ ನಮ್ಮಲ್ಲಿ ಮಾತ್ರ ಏಳು ವರ್ಷವಾದರೂ ಇಳಿದಿಲ್ಲ. ಯಾಕೆ ಎಂದು ಮೇಲಿನವರು ಕೇಳುತ್ತಿದ್ದಾರೆ. ಸುತ್ತಲೂ ಎಲ್ಲರೂ ಹುಬ್ಬು ಗಂಟಿಕ್ಕಿ ಕೂತಿದ್ದರು. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯಲ್ಲ ನಾನು. ಹತ್ತು ಜನ ದೊಡ್ಡವರ ನಡುವೆ ಒಂದು ನಗೆಚಟಾಕಿ ಹಾರಿಸಿ ಸೈ ಅನ್ನಿಸಿಕೊಳ್ಳುವ ಆಸೆ ಬೇರೆ.

“ಅಯ್ಯೋ ಸರ್, ಗುಂಡಿ ತಾನಾಗಿ ಎಲ್ಲಿ ಕಿತ್ತುಹೋಗತ್ತೆ?” ಎಂದೆ. “ಮಕ್ಕಳೇ ಪೆನ್ಸಿಲ್ ಬ್ಲೇಡಲ್ಲಿ ಕತ್ತರಿಸ್ಕೊಂಡು ಬರ್ತಾವೆ. ದಾರದ ತುದಿ ನೋಡಿದ್ರೆ ಗೊತ್ತಾಗಲ್ವಾ? ಅಷ್ಟು ನುಣ್ಣಗಿರತ್ತೆ.”

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ನಿಧಾನಿ ಮಾತ್ರ ಮೂಲೆಯಲ್ಲಿ ತಲೆಯೆತ್ತಿ ನನ್ನನ್ನೇ ನೋಡಿದಳು. ಏಳು ವರ್ಷದಿಂದ ಅವಳಿಗೂ ಅದು ಗೊತ್ತಿತ್ತು. ಆ ನುಣ್ಣನೆಯ ದಾರದ ತುದಿಗಳನ್ನು ಅವಳು ದಿನವೂ ಒಂದೊಂದಾಗಿ ಕಿತ್ತು ಮೊಣಕಾಲ ಮೇಲೆ ಇಡುತ್ತಿದ್ದಳಲ್ಲ. ಮಾತಾಡಬೇಕೆನಿಸಿದ ಮಗು ಗುಂಡಿ ಕತ್ತರಿಸಿಕೊಂಡು ಬರುತ್ತದೆ ಎಂದು ತಿಳಿದೇ ಅವಳು ಸುಮ್ಮನಿದ್ದಳು.

ಸಾಹೇಬರು ನಗಲಿಲ್ಲ. ಅವರಿಗೆ ಬೆಳಕು ಕಂಡಿತ್ತು. “ಅಂದ್ರೆ ಸಮಸ್ಯೆ ಇರೋದೇ ಗುಂಡೀಲಿ,” ಎಂದರು. “ಗುಂಡಿನೇ ಇಲ್ದೇ ಇದ್ರೆ?”

ಹದಿನೈದು ದಿನದಲ್ಲಿ ಗುಂಡಿಯಿಲ್ಲದ ಸ್ವೆಟರು ಬಂತು. ತಲೆಯ ಮೇಲಿಂದ ಎಳೆದು ಹಾಕಿಕೊಂಡರೆ ಮುಗಿಯಿತು. ಇನ್ನು ಸೂಜಿ ಬೇಡ, ಯಂತ್ರ ಬೇಡ, ಕೋಣೆ ಬೇಡ, ಹೊಲಿಗೆಯವಳೂ ಬೇಡ. ಯಾವ ಮನುಷ್ಯರ ಅಗತ್ಯವೂ ಇಲ್ಲದೆ ನಡೆಯುವ ಕಾರ್ಯಕ್ರಮವೇ ಶಾಶ್ವತ ಕಾರ್ಯಕ್ರಮ ಎಂದು ಸಾಹೇಬರು ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು. ನಿಧಾನಿ ತನ್ನ ಜನ್ಮದಲ್ಲಿ ಮೊದಲ ಸಲ ದೊಡ್ಡ ಅಧಿಕಾರಿಯೊಬ್ಬರನ್ನು ತಡೆದು ನಿಲ್ಲಿಸಿದ್ದು ಅವತ್ತೇ. ಸಾಹೇಬರು ಕಾರು ಹತ್ತುತ್ತಿದ್ದರು.

“ಸರ್, ಸ್ವೆಟರ್ ಸ್ವಲ್ಪ ತಡವಾಗಿ ಕೊಡಿ. ನನಗೆ ಇನ್ನೆರಡು ಗುಂಡಿ ಬೇಕು.”

“ಎರಡು ಯಾಕಮ್ಮಾ? ಗೋಡೌನಲ್ಲಿ ಎರಡು ಸಾವಿರ ಬಿದ್ದಿದೆ,” ಎಂದರು ಸಾಹೇಬರು. ಡ್ರೈವರಿಗೆ ಹೇಳಿ ಸಂಜೆಯೊಳಗೆ ಒಂದು ಡಬ್ಬ ಗುಂಡಿ ಕಳಿಸಿಯೂ ಕೊಟ್ಟರು. ಮಹಾ ಉದಾರಿಗಳು.

ಶುಕ್ರವಾರ ಸಮಾರಂಭ. ನಿಧಾನಿಯನ್ನು ಅವತ್ತೇ ತರಬೇತಿಗೆಂದು ಇನ್ನೊಂದು ಶಾಲೆಗೆ ಅಟ್ಟಿದ್ದರು. ಗೇಟಿನ ಹತ್ತಿರ ಮೇಜು ಹಾಕಿಕೊಂಡು ನಾನು ಕೂತೆ. ಒಂದು ಕೈಯಲ್ಲಿ ಕೋಟು ಇಸಿದುಕೊಳ್ಳುವುದು, ಇನ್ನೊಂದು ಕೈಯಲ್ಲಿ ಸ್ವೆಟರು ಕೊಡುವುದು, ಹೆಸರಿನ ಮುಂದೆ ಗುರುತು ಹಾಕುವುದು. ಫೋಟೋದವನು ಅತ್ತಿಂದಿತ್ತ ಓಡಾಡುತ್ತಿದ್ದ. ಸಾಲಿನಲ್ಲಿ ಆ ಹುಡುಗಿ ಬಂದಳು. ಕೋಟಿನ ಎರಡನೆಯ ಗುಂಡಿ ಇರಲಿಲ್ಲ. ಬಲಗೈ ಮುಷ್ಟಿ ಮುಚ್ಚಿತ್ತು.

“ಮೇಡಂ, ಮೊದಲು ಆಂಟಿ ಹತ್ರ ಹೋಗಿ ಬರ್ಲಾ? ಗುಂಡಿ ಹೋಗಿದೆ.”

ನಾನು ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಗುಂಡಿ ಇಲ್ಲದ ಜಾಗ, ನುಣ್ಣನೆಯ ದಾರದ ತುದಿ, ಮುಚ್ಚಿದ ಮುಷ್ಟಿ, ಎಲ್ಲ ಕಣ್ಣಿಗೆ ಬಿತ್ತು. ಹಿಂದೆ ಇನ್ನೂ ಇನ್ನೂರು ಮಕ್ಕಳು ನಿಂತಿದ್ದರು.

“ಇನ್ಮೇಲೆ ಗುಂಡಿ ತಾಪತ್ರಯನೇ ಇಲ್ಲ ಕಣೇ, ಖುಷಿಪಡು. ಆಂಟಿ ಇವತ್ತು ಇಲ್ಲ. ಹೂಂ, ಮುಂದೆ ಹೋಗು,” ಎಂದು ಕೋಟು ಎಳೆದುಕೊಂಡು ಸ್ವೆಟರು ಕೈಗಿಟ್ಟೆ.

ಅವಳು ಎರಡು ಹೆಜ್ಜೆ ಹೋಗಿ ಒಮ್ಮೆ ತಿರುಗಿ ನೋಡಿದಳು. ಫೋಟೋದವನು ಅದನ್ನೇ ಕ್ಲಿಕ್ಕಿಸಿದ. ಆ ತಿಂಗಳ ವರದಿಯ ಮುಖಪುಟದಲ್ಲಿ ಇರುವುದು ಅದೇ ಚಿತ್ರ. ಕೆಳಗೆ ಬರೆದಿದೆ: ಕಿತ್ತ ಗುಂಡಿಗಳ ಸಂಖ್ಯೆ ಸೊನ್ನೆ.

ಸೋಮವಾರ ಬೆಳಗ್ಗೆ ನಿಧಾನಿ ತನ್ನ ಕೋಣೆಯ ಬಾಗಿಲು ತೆಗೆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಇಸಿದುಕೊಂಡ ಕೋಟುಗಳನ್ನೆಲ್ಲ ಅಲ್ಲೇ ಸುರಿದಿದ್ದೆವು, ಸೂರಿನವರೆಗೆ. ಅವಳು ಒಂದೊಂದೇ ಎತ್ತಿ ಮಡಚಿ ಇಡತೊಡಗಿದಳು. ಮಧ್ಯಾಹ್ನ ಹನ್ನೆರಡೂವರೆಗೆ ನನ್ನ ಮೇಜಿನ ಮುಂದೆ ಬಂದು ನಿಂತಳು, ಕೈಯಲ್ಲಿ ಒಂದು ಕೋಟು.

“ಅಕ್ಕ, ಇದನ್ನ ಯಾರು ಇಸ್ಕೊಂಡ್ರು?”

“ನಾನೇ.”

ಕಪಾಳಕ್ಕೆ ಬಾರಿಸಿದ್ದರೆ ಚೆನ್ನಾಗಿತ್ತು. ಅವಳು ಬಾರಿಸಲಿಲ್ಲ, ಬೈಯಲೂ ಇಲ್ಲ.

“ಇವತ್ತು ಬಂದಿದಾಳಾ?”

ಪುಸ್ತಕ ತೆಗೆದೆ. ಬೆಳಗ್ಗೆ ನಾನೇ ಎಳೆದ ಕೆಂಪು ಗೆರೆ. ಎಳೆಯುವಾಗ ಯಾರ ಹೆಸರೆಂದು ನೋಡಿರಲೂ ಇಲ್ಲ. ವಿಳಾಸ ಓದಿ ಹೇಳಿದೆ. ನಿಧಾನಿ ಸೂಜಿಡಬ್ಬಿಯನ್ನು ನನ್ನ ಕೈಗೆ ತುರುಕಿ ಹೊರಟುಬಿಟ್ಟಳು. ದಿಣ್ಣೆ ಇಳಿಯುವಾಗ ಅವಳ ಹಿಂದೆ ನಾನು ಓಡಬೇಕಾಯಿತು. ಅವಳು ಈ ಮನೆಗೆ ಬಂದ ಹದಿನೆಂಟು ವರ್ಷದಲ್ಲಿ ಮೊದಲ ಸಲ.

ಸೈಕಲ್ ರಿಪೇರಿ ಅಂಗಡಿಯೊಂದರ ಮೇಲಿನ ಮನೆ. ಚಿಕ್ಕಮ್ಮ ಕೆಲಸಕ್ಕೆ ಹೋಗಿದ್ದಳು. ಹೊಸ್ತಿಲ ಹೊರಗಿನ ಮೆಟ್ಟಿಲ ಮೇಲೆ ಹುಡುಗಿ ಕೂತಿದ್ದಳು. ಬಿಗಿಯಾಗಿ ಹೆಣೆದ ಜಡೆ, ಹೊಸ ಸ್ವೆಟರು, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ನಮ್ಮನ್ನು ಕಂಡು ಎದ್ದು ನಿಂತಳು. ಎಲ್ಲಿಗೆ ಹೊರಟಿದ್ದೀಯ, ಯಾರ ಜೊತೆ, ಬುದ್ಧಿ ಇದೆಯಾ ನಿನಗೆ, ಇಷ್ಟೂ ನನ್ನ ಗಂಟಲಿನಲ್ಲಿತ್ತು. ನಿಧಾನಿ ನನ್ನ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿದಳು.

“ನಿನ್ನ ಕೋಟು ತಂದಿದೀನಿ,” ಎಂದು ಹುಡುಗಿಗೆ ಹೇಳಿದಳು. “ಗುಂಡಿ ಇದೆಯಾ?”

ಹುಡುಗಿ ಲಂಗದ ಜೇಬಿನಿಂದ ಗುಂಡಿ ತೆಗೆದುಕೊಟ್ಟಳು. ನಿಧಾನಿ ಬೀದಿಯ ಕಡೆ ಮುಖ ಮಾಡಿ ಕೂತಳು. ಹಳೆಯ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತು ಮೊಣಕಾಲ ಮೇಲಿಟ್ಟಳು. ಸೂಜಿಗೆ ದಾರ ಪೋಣಿಸಿದ್ದು ಮೂರನೆಯ ಸಲಕ್ಕೆ. ಕೆಳಗಿನ ಅಂಗಡಿಯ ಗೋಡೆ ಗಡಿಯಾರ ನನಗೆ ಕಾಣುತ್ತಿತ್ತು. ಒಂದೂವರೆ. ಹುಡುಗಿ ಚೀಲದ ಹಿಡಿಯನ್ನು ಹಿಚುಕುತ್ತಿದ್ದಳು.

ಎರಡನೆಯ ಗುಂಡಿ ಮುಗಿಯುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಹುಡುಗಿ ಒಂದೇ ಮಾತು ಹೇಳಿದ್ದಳು: “ಮೂರು ಗಂಟೆಗೆ ಗಾಡಿ ಬರತ್ತೆ.” ನಿಧಾನಿ “ಹೂಂ” ಎಂದಳು. ದಾರ ಕತ್ತರಿಸಿದಳು. ಆಮೇಲೆ ಅದೇ ಕತ್ತರಿಯಿಂದ, ಗಟ್ಟಿಯಾಗಿ ಕೂತಿದ್ದ ಮೂರನೆಯ ಗುಂಡಿಯನ್ನು ತಾನೇ ಕತ್ತರಿಸಿ ತೆಗೆದಳು.

ಹುಡುಗಿ ಬೆರಗಾಗಿ ನೋಡಿದಳು. ಏನೂ ಆಗದವಳಂತೆ ನಿಧಾನಿ ಮತ್ತೆ ದಾರದ ಚೂರು ಕೀಳಲು ಕೂತಳು.

“ಚಿಕ್ಕಪ್ಪನ ಕಡೆಯೋರು ಆಂಟಿ. ಬೇರೆ ಊರಲ್ಲಿ ಪ್ಯಾಕಿಂಗ್ ಕೆಲಸ ಅಂದ್ರು. ಅಲ್ಲೇ ಇರ್ಬೇಕಂತೆ.”

“ಹೂಂ.”

“ಮೂರು ವರ್ಷ ವಾಪಸ್ ಬರೋ ಹಾಗಿಲ್ವಂತೆ. ಫೋನ್ ಇಟ್ಕೋಬಾರದಂತೆ.”

“ಆಮೇಲೆ?”

“ಅಮ್ಮಂಗೆ ಹೇಳ್ಬೇಡ ಅಂದ್ರು. ಅಮ್ಮಂಗೆ ಯಾಕೆ ಹೇಳ್ಬಾರ್ದು ಆಂಟಿ?”

ನಿಧಾನಿ ಆ ಕಡೆ ತಿರುಗಲಿಲ್ಲ. ಗುಂಡಿಯ ಬುಡಕ್ಕೆ ದಾರ ಸುತ್ತುತ್ತಿದ್ದ ಅವಳ ಕೈ ಮಾತ್ರ ಒಂದು ಗಳಿಗೆ ನಿಂತಿತು. ಆಮೇಲೆ ನಾಲ್ಕನೆಯ ಗುಂಡಿಯನ್ನು ಕತ್ತರಿಸಿದಳು. ಓಣಿಯ ತುದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಇನ್ನೊಮ್ಮೆ ಕೇಳಿಸಿತು. ಹುಡುಗಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಆಸಾಮಿ ಕೀಲಿಕೈ ತಿರುಗಿಸುತ್ತಾ ಮೆಟ್ಟಿಲ ಬುಡಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಬಾಯಲ್ಲಿ ಜೇನು.

“ಏನ್ ಪುಟ್ಟಾ, ಹೊರಡೋಣ್ವಾ? ಹೊತ್ತಾಯ್ತು.”

“ಕೋಟು ಆಗ್ತಾ ಇದೆ,” ಎಂದಳು ನಿಧಾನಿ, ಸೂಜಿಯಿಂದ ಕಣ್ಣೆತ್ತದೆ.

“ಎಷ್ಟೊತ್ತಮ್ಮಾ ಒಂದು ಗುಂಡಿಗೆ?”

“ಆಗತ್ತೆ.”

ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತವಳಿಗೆ ಈಗ ಒಂದು ಕೆಲಸ ಸಿಕ್ಕಿತು. ಎದ್ದು ನಿಂತೆ. ನನ್ನ ಕೈಚೀಲದಿಂದ ಪೆನ್ನು ತೆಗೆದೆ.

“ನಾನು ಶಾಲೆ ಹಾಜರಿ ಗುಮಾಸ್ತೆ,” ಎಂದೆ. “ಇವಳು ಇವತ್ತು ಗೈರುಹಾಜರಿ. ಯಾರು ಕರ್ಕೊಂಡು ಹೋಗ್ತಾರೆ ಅಂತ ಬರೀಬೇಕು. ನಿಮ್ಮ ಹೆಸರು ಹೇಳಿ. ಗಾಡಿ ನಂಬರ್ ನಾನೇ ನೋಡ್ಕೊಂಡು ಬರ್ತೀನಿ. ಒಂದು ಕಾಪಿ ಪೊಲೀಸ್ ಸ್ಟೇಷನ್ನಿಗೂ ಹೋಗತ್ತೆ, ಅದು ನಿಯಮ.”

ಅಂಥ ನಿಯಮ ಯಾವುದೂ ಇಲ್ಲ. ಆದರೆ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವಳ ಮುಖದ ಮೇಲೆ ಇಲ್ಲದ ನಿಯಮವೂ ಇದ್ದ ಹಾಗೇ ಕಾಣುತ್ತದೆ. ಆಸಾಮಿ ನನ್ನನ್ನು ನೋಡಿದ, ಪೆನ್ನನ್ನು ನೋಡಿದ, ಹುಡುಗಿಯನ್ನು ನೋಡಿದ.

“ನಾನು ಬರಲ್ಲ,” ಎಂದಳು ಹುಡುಗಿ. ಅಳುತ್ತಿದ್ದಳು, ಆದರೆ ಸ್ಪಷ್ಟವಾಗಿ ಹೇಳಿದಳು.

ಅವನು ಏನೋ ಗೊಣಗುತ್ತಾ ಮೆಟ್ಟಿಲಿಂದ ಹಿಂದೆ ಸರಿದ. ನಾನು ಓಣಿಯ ತುದಿಯವರೆಗೂ ಅವನ ಬೆನ್ನು ಹತ್ತಿ ಹೋಗಿ ಗಾಡಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಬಂದೆ. ಸೈಕಲ್ ಅಂಗಡಿಯವರ ಫೋನಿನಿಂದ ಹುಡುಗಿಯ ತಾಯಿಗೆ ಕರೆ ಮಾಡಿದೆವು. ಆಯಮ್ಮ ರಾತ್ರಿಯ ಬಸ್ಸಿಗೇ ಹೊರಡುತ್ತೇನೆ, ಅಲ್ಲಿವರೆಗೂ ಮಗೂನ ನಿಮ್ಮನೇಲೇ ಇಟ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ ಎಂದಳು. ಬೀಳಬೇಕಾದವಳು ನಾನು, ಅದನ್ನು ಹೇಳುವ ಧೈರ್ಯ ಬರಲಿಲ್ಲ.

ವಾಪಸ್ ಬಂದು ನೋಡಿದರೆ ನಾಲ್ಕನೆಯ ಗುಂಡಿ ಕೂತಿತ್ತು. ಹುಡುಗಿ ನಿಧಾನಿಗೆ ಒರಗಿಕೊಂಡಿದ್ದಳು. ಮಾತು ಇನ್ನೂ ನಡೆದೇ ಇತ್ತು, ಏನೇನೋ ಸಣ್ಣಪುಟ್ಟದ್ದು. ನಿಧಾನಿ ಐದನೆಯ ಗುಂಡಿಯನ್ನೂ ಕತ್ತರಿಸಿ ತೆಗೆದಳು. ತೆಗೆದು, ಹೊಲಿಯದೆ, ಹುಡುಗಿಯ ಅಂಗೈಯಲ್ಲಿಟ್ಟಳು.

“ದಾರ ಮುಗೀತಲ್ಲ,” ಎಂದಳು. “ಇದು ನಿನ್ನ ಹತ್ರಾನೇ ಇರ್ಲಿ. ನಾಳೆ ಕೋಟು ಜೊತೆ ಶಾಲೆಗೆ ತಗೊಂಡ್ ಬಾ. ಹಾಕಿಕೊಡ್ತೀನಿ.”

ಹುಡುಗಿ ತಲೆಯಾಡಿಸಿ ಮುಷ್ಟಿ ಮುಚ್ಚಿಕೊಂಡಳು. ಸೂಜಿಡಬ್ಬಿ ಮೆಟ್ಟಿಲ ಮೇಲಿತ್ತು. ಅದರಲ್ಲಿ ಮೂರು ಉಂಡೆ ನೀಲಿ ದಾರವಿತ್ತು. ನಾನು ಡಬ್ಬಿಯ ಮುಚ್ಚಳ ಹಾಕಿ, ಬಾಯಿ ಮುಚ್ಚಿಕೊಂಡು ಕೂತೆ.